ನಿಖರತೆ ಬೇರೆ, ನಿಷ್ಕೃಷ್ಟತೆ ಬೇರೆ: ಅಳತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ಪದಗಳ ಅರ್ಥ ಒಂದೇ ಅಲ್ಲವೇ?

ದಿನದ ಮಾತಿನಲ್ಲಿ ಒಂದೇ, ಅಳತೆಯಲ್ಲಿ ಅಲ್ಲ. ಅಳೆದು ಬಂದ ಬೆಲೆ ನಿಜವಾದ ಬೆಲೆಗೆ ಎಷ್ಟು ಹತ್ತಿರವಿದೆ ಎನ್ನುವುದು ನಿಖರತೆ. ಲ್ಯಾಬಿನ ಮಾತಿನಲ್ಲಿ ಅಕ್ಯುರಸಿ. ಅದೇ ವಸ್ತುವನ್ನು ಮತ್ತೆ ಮತ್ತೆ ಅಳೆದಾಗ ಬರುವ ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎನ್ನುವುದು ನಿಷ್ಕೃಷ್ಟತೆ, ಅಂದರೆ ಪ್ರಿಸಿಷನ್. ನಿಖರತೆ ಕೆಡಿಸುವುದು ಪ್ರತಿ ಸಲವೂ ಒಂದೇ ಕಡೆಗೆ ಎಳೆಯುವ ವ್ಯವಸ್ಥಿತ ದೋಷ. ನಿಷ್ಕೃಷ್ಟತೆ ಕೆಡಿಸುವುದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುವ ಯಾದೃಚ್ಛಿಕ ದೋಷ.

ಕನ್ನಡದಲ್ಲಿ ಎರಡಕ್ಕೂ ‘ನಿಖರತೆ’ ಎಂದೇ ಬರೆದುಬಿಡುವ ರೂಢಿಯಿದೆ. ಹಾಗಾಗಿ ಎಲ್ಲಿಯಾದರೂ ಆ ಪದ ಕಂಡರೆ ಬರೆದವರ ಮನಸ್ಸಿನಲ್ಲಿ ಯಾವುದಿತ್ತು ಎಂದು ಒಮ್ಮೆ ನೋಡಿಕೊಳ್ಳಿ. ಇಲ್ಲಿ ಮೇಲಿನ ಅರ್ಥಗಳನ್ನೇ ಕೊನೆಯವರೆಗೂ ಇಟ್ಟುಕೊಂಡಿದ್ದೇವೆ.

ಪಾಠಗಳಲ್ಲಿ ಕೊಡುವ ಗುರಿ ಹಲಗೆ, ಬಾಣಗಳ ಚಿತ್ರ ನೋಡಿದರೆ ಎಲ್ಲ ಅರ್ಥವಾಗುತ್ತದಲ್ಲ?

ಅರ್ಧ ಅರ್ಥವಾಗುತ್ತದೆ. ಬಾಣಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿ ನಾಟಿದ್ದರೆ ನಿಷ್ಕೃಷ್ಟತೆ ಇದೆ, ನಿಖರತೆ ಇಲ್ಲ. ಇಷ್ಟು ಸರಿ. ಆದರೆ ಆ ಚಿತ್ರ ಒಂದು ದೊಡ್ಡ ವಿಷಯವನ್ನು ಮುಚ್ಚಿಡುತ್ತದೆ: ಚಿತ್ರದಲ್ಲಿ ನಡುಬಿಂದು ಕಣ್ಣಿಗೆ ಕಾಣುತ್ತದೆ, ನಿಜವಾದ ಅಳತೆಯಲ್ಲಿ ಕಾಣುವುದಿಲ್ಲ. ನಿಮ್ಮ ಮುಂದಿರುವುದು ಬಾಣ ನಾಟಿದ ತೂತುಗಳು ಮಾತ್ರ. ಹಲಗೆಯ ಮೇಲೆ ವೃತ್ತ ಬರೆದವರು ಯಾರೂ ಇಲ್ಲ.

ಹಾಗಾಗಿ ಎರಡನ್ನೂ ತಿಳಿಯುವ ದಾರಿಯೇ ಬೇರೆ ಬೇರೆ. ನಿಷ್ಕೃಷ್ಟತೆ ಎಷ್ಟು ಎಂದು ನಿಮ್ಮದೇ ಅಂಕಿಗಳಿಂದ ಲೆಕ್ಕ ಹಾಕಬಹುದು. ನಿಖರತೆ ತಿಳಿಯಬೇಕಾದರೆ ಹೊರಗಿನಿಂದ ಏನಾದರೂ ಬರಲೇಬೇಕು: ಬೆಲೆ ಗೊತ್ತಿರುವ ಮಾದರಿ, ಬೇರೆ ಉಪಕರಣ, ಇಲ್ಲವೇ ಬೇರೆಯದೇ ವಿಧಾನ. ಕೆಳಗಿನ ಬಹುತೇಕ ಉತ್ತರಗಳು ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಅಂಕಿಗಳಲ್ಲಿ ಒಂದು ಉದಾಹರಣೆ ಕೊಡಿ.

1000 ಮೈಕ್ರೋಲೀಟರ್‌ಗೆ ಇಟ್ಟ ಮೈಕ್ರೋಪಿಪೆಟ್ (ಸ್ವಲ್ಪ ಪ್ರಮಾಣದ ದ್ರವವನ್ನು ಅಳೆದು ಬಿಡುವ ಸಾಧನ) ಒಂದನ್ನು ತೂಕದಿಂದ ಪರೀಕ್ಷಿಸುವುದನ್ನು ನೋಡೋಣ. 20 ಡಿಗ್ರಿ ಸೆಲ್ಸಿಯಸ್‌ನ ಬಟ್ಟಿ ಇಳಿಸಿದ ನೀರನ್ನು ಹತ್ತು ಸಲ ಬಿಟ್ಟು, 0.1 ಮಿ.ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಿದಾಗ ಬಂದದ್ದು ಹೀಗೆ ಎಂದುಕೊಳ್ಳಿ (ಮಿ.ಗ್ರಾಂಗಳಲ್ಲಿ):

985.1, 985.9, 984.6, 985.4, 985.0, 985.7, 984.8, 985.3, 985.5, 984.7

ಸರಾಸರಿ 985.20. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಕಳೆದು, ವರ್ಗ ಮಾಡಿ ಕೂಡಿದರೆ 1.70. ಅದನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ, ಅಂದರೆ ಹರಡಿಕೆಯ ಅಳತೆ, 0.43 ಮಿ.ಗ್ರಾಂ. ಹತ್ತು ಅಂಕಿಗಳಿದ್ದರೂ 10ರಿಂದಲ್ಲ, 9ರಿಂದ ಭಾಗಿಸಬೇಕು: ಸರಾಸರಿಯನ್ನು ಅದೇ ಅಂಕಿಗಳಿಂದ ತೆಗೆದಿರುವುದರಿಂದ ಹರಡಿಕೆ ಇರುವುದಕ್ಕಿಂತ ತುಸು ಕಡಿಮೆ ಕಾಣುತ್ತದೆ, ಅದನ್ನು ಸರಿದೂಗಿಸಲು ಒಂದು ಕಳೆಯುವುದು.

ಇನ್ನು ತೂಕವನ್ನು ಗಾತ್ರಕ್ಕೆ ತಿರುಗಿಸಬೇಕು. ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ, 20 ಡಿಗ್ರಿಯಲ್ಲಿ, ಒಂದು ಮಿ.ಗ್ರಾಂ ನೀರಿಗೆ 1.0029 ಮೈಕ್ರೋಲೀಟರ್. ನೀರಿನ ಸಾಂದ್ರತೆ, ಗಾಳಿ ಮೇಲಕ್ಕೆ ತಳ್ಳುವ ಬಲ ಎರಡೂ ಈ ಅಂಕಿಯಲ್ಲೇ ಸೇರಿವೆ. 985.20 × 1.0029 = 988.06 ಮೈಕ್ರೋಲೀಟರ್.

ಈಗ ತೀರ್ಪು. ಪಿಸ್ಟನ್ ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8655 ಈ ಗಾತ್ರಕ್ಕೆ ವ್ಯವಸ್ಥಿತ ದೋಷದ ಮಿತಿಯನ್ನು 8 ಮೈಕ್ರೋಲೀಟರ್ ಎಂದೂ ಯಾದೃಚ್ಛಿಕ ದೋಷದ ಮಿತಿಯನ್ನು 3 ಮೈಕ್ರೋಲೀಟರ್ ಎಂದೂ ಇಟ್ಟಿದೆ. ನಮ್ಮ ಪಿಪೆಟ್‌ನ ಹರಡಿಕೆ 0.44 ಮೈಕ್ರೋಲೀಟರ್, ಭರ್ಜರಿಯಾಗಿ ಪಾಸು. ಆದರೆ ಬಿಡುತ್ತಿರುವುದು ಹೇಳಿದ್ದಕ್ಕಿಂತ 11.9 ಮೈಕ್ರೋಲೀಟರ್ ಕಡಿಮೆ, ನಪಾಸು. ಹತ್ತೂ ಅಂಕಿಗಳು ಚೆನ್ನಾಗಿ ತಾಳೆಯಾಗುವುದನ್ನು ನೋಡಿ ‘ಪಿಪೆಟ್ ಚೆನ್ನಾಗಿದೆ’ ಎಂದು ಬರೆದಿಟ್ಟರೆ ಅಲ್ಲೇ ಎಡವಿದಿರಿ.

ಹಾಗಾದರೆ ಆ ಪಿಪೆಟ್ ಕೆಟ್ಟಿದೆಯೇ?

ಇರಬಹುದು. ಆದರೆ ಪಿಪೆಟ್ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನು ಪರೀಕ್ಷಿಸಿದ ರೀತಿಯನ್ನು ಪರೀಕ್ಷಿಸಿ. ತಕ್ಕಡಿಯ ಮೇಲೆ ಬೆಲೆ ಗೊತ್ತಿರುವ ತೂಕದ ಬಟ್ಟು ಇಟ್ಟು ನೋಡಿ. ಪಾತ್ರೆಯ ಬಾಯಿ ತೆರೆದಿದ್ದರೆ ತೂಗುವಷ್ಟರಲ್ಲಿ ನೀರು ಆವಿಯಾಗಿ ಪ್ರತಿ ಸಲವೂ ಕಡಿಮೆಯೇ ಬರುತ್ತದೆ. ನೀರು, ಪಿಪೆಟ್, ಅದಕ್ಕೆ ಸಿಕ್ಕಿಸುವ ತುದಿ ಮೂರೂ ಒಂದೇ ಕೋಣೆಯಲ್ಲಿ ಒಂದೆರಡು ಗಂಟೆ ಇದ್ದು ಒಂದೇ ತಾಪಕ್ಕೆ ಬಂದಿರಬೇಕು. ಹೊಸ ತುದಿಯನ್ನು ಒಂದೆರಡು ಸಲ ನೀರೆಳೆದು ಬಿಟ್ಟು ಒದ್ದೆ ಮಾಡಿಕೊಳ್ಳದಿದ್ದರೆ ಮೊದಲ ಅಂಕಿ ಕಡಿಮೆ ಬರುತ್ತದೆ. ತುದಿಯನ್ನು 2ರಿಂದ 4 ಮಿ.ಮೀ. ಮಾತ್ರ ಮುಳುಗಿಸಿ, ಪಿಪೆಟ್ ನೇರವಾಗಿ ಹಿಡಿದು, ಗುಂಡಿಯನ್ನು ನಿಧಾನ ಬಿಟ್ಟು, ಒಂದು ಸೆಕೆಂಡು ಕಾದು ಮೇಲೆತ್ತಿ.

ರೋಗ ಯಾವುದೆಂದು ಲಕ್ಷಣ ನೋಡಿ ಊಹಿಸಬಹುದು. ತುದಿ ಸಡಿಲವಾಗಿ ಸೋರುತ್ತಿದ್ದರೆ ಅಥವಾ ಕೈ ಒಂದೇ ಲಯದಲ್ಲಿ ಇಲ್ಲದಿದ್ದರೆ ಅಂಕಿಗಳು ಚದುರುತ್ತವೆ. ಅಂಕಿಗಳು ಒತ್ತೊತ್ತಾಗಿದ್ದು ಎಲ್ಲವೂ ಒಂದೇ ಕಡೆ ಸರಿದಿದ್ದರೆ ಹೊಂದಾಣಿಕೆ ತಪ್ಪಿದೆ, ಇಲ್ಲವೇ ಒಂದೇ ತಪ್ಪನ್ನು ಶಿಸ್ತಾಗಿ ಮಾಡುತ್ತಿದ್ದೀರಿ.

ಹೆಚ್ಚು ಸಲ ಅಳೆದು ಸರಾಸರಿ ತೆಗೆದರೆ ತಪ್ಪು ಹೋಗುತ್ತದಲ್ಲವೇ?

ಸರಾಸರಿಯಲ್ಲಿ ಚದುರುವಿಕೆಯ ಪಾಲು ಕುಗ್ಗುತ್ತದೆ, ಎಳೆತ (ವ್ಯವಸ್ಥಿತ ದೋಷ) ಕುಗ್ಗುವುದಿಲ್ಲ. ಸರಾಸರಿಯ ಮಾನಕ ದೋಷ ಎಂದರೆ ಮಾನಕ ವಿಚಲನೆಯನ್ನು ಅಳತೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು. ಮೇಲಿನ ಹತ್ತು ಅಂಕಿಗಳಿಗೆ ಅದು 0.14 ಮಿ.ಗ್ರಾಂ. ಸಾವಿರ ಸಲ ತೂಗಿದರೆ 0.014 ಆಗುತ್ತದೆ. ಕೊರತೆ ಮಾತ್ರ 11.9 ಮೈಕ್ರೋಲೀಟರ್ ಆಗಿಯೇ ಉಳಿಯುತ್ತದೆ. ಸಾವಿರ ಸಲ ತೂಗಿದವರು ತಪ್ಪು ಉತ್ತರವನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತಾರೆ, ಅಷ್ಟೇ.

ವರ್ಗಮೂಲದ ಲೆಕ್ಕವೂ ದುಬಾರಿಯೇ: ಸರಾಸರಿಯ ಮಾನಕ ದೋಷವನ್ನು ಅರ್ಧ ಮಾಡಲು ನಾಲ್ಕು ಪಟ್ಟು, ಹತ್ತನೇ ಒಂದಕ್ಕೆ ಇಳಿಸಲು ನೂರು ಪಟ್ಟು ಅಳತೆ ಬೇಕು. ಹತ್ತು-ಹದಿನೈದರ ನಂತರ ಆ ಶ್ರಮವನ್ನು ವ್ಯವಸ್ಥಿತ ದೋಷ ಹುಡುಕಲು ಹಾಕುವುದು ಲಾಭ.

ಪರದೆಯಲ್ಲಿ ನಾಲ್ಕು ದಶಮಾಂಶ ಸ್ಥಾನ ತೋರಿಸುವ ಮೀಟರ್ ಹೆಚ್ಚು ನಿಖರವೇ?

ಅಲ್ಲ. ಪರದೆ ಎಷ್ಟು ಚಿಕ್ಕ ವ್ಯತ್ಯಾಸ ತೋರಿಸಬಲ್ಲದು ಎನ್ನುವುದು ರೆಸಲ್ಯೂಷನ್. ಅದು ನಿಖರತೆಯೂ ಅಲ್ಲ, ನಿಷ್ಕೃಷ್ಟತೆಯೂ ಅಲ್ಲ.

ಮಲ್ಟಿಮೀಟರ್‌ನ ಕೈಪಿಡಿಯಲ್ಲಿ ‘± (ಓದಿದ ಬೆಲೆಯ 0.5% + 2 ಅಂಕಿ)’ ಎಂದಿದೆ, ಪರದೆ 5.00 ವೋಲ್ಟ್ ತೋರಿಸುತ್ತಿದೆ ಎನ್ನಿ. 5.00ರ 0.5% ಎಂದರೆ 0.025. ಕೊನೆಯ ಸ್ಥಾನದ ಒಂದು ಅಂಕಿ 0.01, ಎರಡಾದರೆ 0.02. ಒಟ್ಟು ± 0.045 ವೋಲ್ಟ್. ಅಂದರೆ ಕೊನೆಯ ಅಂಕಿಯಲ್ಲಿ ನಾಲ್ಕೈದರಷ್ಟು ಆಚೀಚೆ ಇರಬಹುದು. ಇದೇ ಮೀಟರಿನಿಂದ 0.20 ವೋಲ್ಟ್ ಅಳೆದರೆ ಆ ಎರಡು ಅಂಕಿಗಳೇ 10% ಆಗಿಬಿಡುತ್ತವೆ. ಚಿಕ್ಕ ಬೆಲೆಗೆ ಚಿಕ್ಕ ರೇಂಜ್ ಆರಿಸಿಕೊಳ್ಳಿ ಎನ್ನುವುದು ಇದಕ್ಕೇ.

ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ ಪ್ರತಿ ಸಲ ತಪ್ಪೇ ಬರುತ್ತದೆ. ಎಲ್ಲಿ ನೋಡಬೇಕು?

ಈ ಪ್ರಯೋಗ ಚಿಕ್ಕದಾದರೂ ಎರಡೂ ಬಗೆಯ ದೋಷಗಳ ಗಣಿ. ಉದ್ದವನ್ನು ಮೀಟರಿನಲ್ಲಿಟ್ಟು 39.48ರಿಂದ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದರೆ ಉತ್ತರ. ಒಂದು ಮೀಟರ್ ಉದ್ದದ ಲೋಲಕಕ್ಕೆ ಒಂದು ಆಂದೋಲನದ ಅವಧಿ ಸುಮಾರು 2.007 ಸೆಕೆಂಡು, ಇಪ್ಪತ್ತಕ್ಕೆ 40.14 ಸೆಕೆಂಡು, ಉತ್ತರ 9.80 ಬರಬೇಕು.

ಮೊದಲು ಚದುರುವಿಕೆ. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.1 ಸೆಕೆಂಡು ಹಿಂದುಮುಂದಾದರೆ, ಒಂದೇ ಆಂದೋಲನ ಅಳೆದಾಗ ಅವಧಿಯಲ್ಲಿ 5%, ವರ್ಗ ಮಾಡಿದ ಮೇಲೆ ಉತ್ತರದಲ್ಲಿ 10% ತಪ್ಪು. ಇಪ್ಪತ್ತು ಆಂದೋಲನ ಅಳೆದರೆ ಅದೇ 0.1 ಸೆಕೆಂಡು ಉತ್ತರದಲ್ಲಿ ಅರ್ಧ ಪ್ರತಿಶತಕ್ಕೆ ಇಳಿಯುತ್ತದೆ. ಗುಂಡು ತುದಿಯಲ್ಲಿ ನಿಧಾನವಾಗುವುದರಿಂದ ಅಲ್ಲಿ ಒತ್ತಬೇಡಿ. ವೇಗ ಹೆಚ್ಚಿರುವ ನಡುಬಿಂದುವನ್ನು ದಾಟುವಾಗ ಒತ್ತಿ.

ಇನ್ನು ಎಳೆತಗಳು:

– ದಾರದ ಉದ್ದ ಮಾತ್ರ ಅಳೆದು ಗುಂಡಿನ ತ್ರಿಜ್ಯ ಬಿಟ್ಟರೆ, 1 ಸೆಂ.ಮೀ. ತ್ರಿಜ್ಯದ ಗುಂಡಿಗೆ ಉತ್ತರ 9.70 ಬರುತ್ತದೆ. ಉದ್ದ ಗುಂಡಿನ ಕೇಂದ್ರದವರೆಗೆ.
– ಗುಂಡು ಬಿಟ್ಟು ವಾಚ್ ಒತ್ತುವಾಗಲೇ ‘ಒಂದು’ ಎಂದು ಎಣಿಸಿದರೆ ಇಪ್ಪತ್ತೆಂದು ನಿಲ್ಲಿಸುವಾಗ ಆಗಿರುವುದು ಹತ್ತೊಂಬತ್ತು. ಉತ್ತರ 10.86ಕ್ಕೆ ಜಿಗಿಯುತ್ತದೆ. ‘ಸೊನ್ನೆ’ಯಿಂದ ಎಣಿಸಿ.
– 20 ಡಿಗ್ರಿ ಕೋನದಷ್ಟು ಎಳೆದು ಬಿಟ್ಟರೆ ಅವಧಿ ಸುಮಾರು 0.76% ಹೆಚ್ಚುತ್ತದೆ, ಉತ್ತರ 1.5% ಇಳಿಯುತ್ತದೆ. ಐದು ಡಿಗ್ರಿಯೊಳಗೆ ಇರಲಿ.

ಈ ಮೂರರಲ್ಲಿ ಯಾವುದನ್ನು ಮಾಡಿದರೂ ಅಂಕಿಗಳು ಪ್ರತಿ ಸಲ ಸೊಗಸಾಗಿ ಹೊಂದಿಕೊಳ್ಳುತ್ತವೆ. ಮೊದಲನೆಯದನ್ನು ಹಿಡಿಯಲು ಒಳ್ಳೆಯ ಉಪಾಯವಿದೆ: ಐದಾರು ಬೇರೆ ಬೇರೆ ಉದ್ದಗಳಿಗೆ ಅವಧಿ ಅಳೆದು, ಅಡ್ಡ ಅಕ್ಷದಲ್ಲಿ ಉದ್ದ, ಲಂಬ ಅಕ್ಷದಲ್ಲಿ ಅವಧಿಯ ವರ್ಗ ಇಟ್ಟು ಗೆರೆ ಎಳೆಯಿರಿ. 39.48ನ್ನು ಗೆರೆಯ ಇಳಿಜಾರಿನಿಂದ ಭಾಗಿಸಿದರೆ ಉತ್ತರ. ಬಿಟ್ಟುಹೋದ ಒಂದು ಸೆಂಟಿಮೀಟರ್ ಇಳಿಜಾರನ್ನು ಮುಟ್ಟುವುದೇ ಇಲ್ಲ. ಗೆರೆ ಮೂಲಬಿಂದುವಿನ ಬದಲು ಅಡ್ಡ ಅಕ್ಷವನ್ನು −1 ಸೆಂ.ಮೀ.ನಲ್ಲಿ ಕಡಿದು ತಪ್ಪನ್ನು ತಾನೇ ಬಾಯಿ ಬಿಡುತ್ತದೆ. ಆದರೆ ಎಣಿಕೆಯ ತಪ್ಪನ್ನು ಈ ಗೆರೆ ಹಿಡಿಯಲಾರದು. ಅದು ಎಲ್ಲ ಅವಧಿಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುವುದರಿಂದ ಗೆರೆ ನೆಟ್ಟಗೆ ಮೂಲಬಿಂದುವಿನ ಮೂಲಕವೇ ಹೋಗುತ್ತದೆ, ಇಳಿಜಾರು ಮಾತ್ರ ಸುಳ್ಳು. ಅದಕ್ಕೆ ಮದ್ದು ಬೇರೆ: ಇಪ್ಪತ್ತರ ಜೊತೆ ನಲವತ್ತು ಆಂದೋಲನಗಳನ್ನೂ ಅಳೆಯಿರಿ. ಎರಡರಿಂದಲೂ ಬರುವ ಅವಧಿ ಬೇರೆಯಾದರೆ ಎಣಿಕೆಯನ್ನೇ ಅನುಮಾನಿಸಿ.

ವರ್ನಿಯರ್, ಸ್ಕ್ರೂ ಗೇಜ್‌ನ ಶೂನ್ಯ ದೋಷ ಯಾವ ಜಾತಿಗೆ ಸೇರಿದ್ದು?

ವ್ಯವಸ್ಥಿತ. ದವಡೆಗಳು ಕೂಡಿದ್ದಾಗ +0.04 ಮಿ.ಮೀ. ತೋರಿಸಿದರೆ ಎಲ್ಲ ಅಳತೆಯಿಂದ 0.04 ಕಳೆಯಿರಿ, −0.04 ಆದರೆ ಕೂಡಿ. ಸ್ಕ್ರೂ ಗೇಜನ್ನು ಗಿರಗಿರ ತಿರುಗಿಸಿ ಬಿಗಿಯದೆ ರ‍್ಯಾಚೆಟ್‌ನಿಂದಲೇ ಮುಚ್ಚಿ. ಬಿಗಿತ ಸಲಕ್ಕೊಂದು ಥರ ಆದರೆ ಅಂಕಿಗಳು ಚದುರುತ್ತವೆ, ಯಾವಾಗಲೂ ಅತಿಯಾದರೆ ಮೆತ್ತನೆಯ ವಸ್ತು ತೆಳುವಾಗಿ ಕಾಣುತ್ತದೆ.

ಉಪಕರಣವನ್ನು ಒಂದೇ ಬಿಂದುವಿನಲ್ಲಿ ಸರಿಹೊಂದಿಸಿದರೆ ಸಾಕೇ?

ಆ ಬಿಂದುವಿಗೆ ಸಾಕು. ದ್ರಾವಣದ ಆಮ್ಲೀಯತೆ ಅಳೆಯುವ ಪಿಎಚ್ ಮೀಟರನ್ನು, ಪಿಎಚ್ ಗೊತ್ತಿರುವ 7.00 ಬಫರ್‌ನಲ್ಲಿ ಮಾತ್ರ ಸರಿಹೊಂದಿಸಿದಿರಿ ಎನ್ನಿ. 25 ಡಿಗ್ರಿಯಲ್ಲಿ ಆದರ್ಶ ಎಲೆಕ್ಟ್ರೋಡ್ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್ ಕೊಡಬೇಕು. ಹಳತಾದದ್ದು ಅದರ 92% ಕೊಡುತ್ತಿದೆ. 7ರಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಆದರೆ ನಿಜವಾಗಿ 4.00 ಇರುವ ದ್ರಾವಣವನ್ನು ಅದು ಪ್ರತಿ ಸಲವೂ 4.24 ಎಂದೇ ಓದುತ್ತದೆ, ಏಕೆಂದರೆ ಮೂರು ಹೆಜ್ಜೆಗಳಲ್ಲಿ ತಲಾ 8% ಕಳೆದುಹೋಗಿದೆ. ಅಳೆಯಬೇಕಾದ ಬೆಲೆ ನಡುವೆ ಬರುವಂತೆ ಎರಡು ಬಫರ್‌ಗಳಲ್ಲಿ ಸರಿಹೊಂದಿಸಿ, ಮೂರನೆಯದರಲ್ಲಿ ತಾಳೆ ನೋಡಿ.

ತಕ್ಕಡಿಯದು ಇನ್ನೊಂದು ಬಗೆ. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಬಲವನ್ನು. ಗುರುತ್ವ ಭೂಮಧ್ಯರೇಖೆಯಲ್ಲಿ 9.780, ಧ್ರುವದಲ್ಲಿ 9.832. ಊರು ಬದಲಾದರೆ, ಮಹಡಿ ಬದಲಾದರೂ ಸೂಕ್ಷ್ಮ ತಕ್ಕಡಿಯನ್ನು ಇಟ್ಟ ಜಾಗದಲ್ಲೇ ಬಟ್ಟಿನಿಂದ ಮತ್ತೆ ಸರಿಹೊಂದಿಸಬೇಕು.

ಕ್ಯಾಲಿಬ್ರೇಷನ್ ಪ್ರಮಾಣಪತ್ರ ಇದ್ದರೆ ಉಪಕರಣ ಸರಿಯಿದೆ ಎಂದರ್ಥವೇ?

ಇಲ್ಲ. ಉಪಕರಣ ಎಷ್ಟು ತಪ್ಪು ತೋರಿಸುತ್ತದೆ, ಆ ತಪ್ಪಿನ ಅನಿಶ್ಚಿತತೆ ಎಷ್ಟು ಎಂದು ಹೇಳುವುದು ಕ್ಯಾಲಿಬ್ರೇಷನ್. ತಪ್ಪನ್ನು ತಿದ್ದುವುದು ಬೇರೆ ಕೆಲಸ. ಪತ್ರವನ್ನು ಫೈಲಿಗೆ ಹಾಕಿ ಅದರೊಳಗಿನ ತಿದ್ದುಪಡಿಯ ಅಂಕಿಯನ್ನು ಯಾರೂ ಬಳಸದಿರುವುದು ಬಹಳ ಕಡೆ ಕಾಣುವ ಪದ್ಧತಿ.

ನಿಷ್ಕೃಷ್ಟತೆ ಇಲ್ಲದೆ ನಿಖರತೆ ಇರಬಹುದೇ?

ಯಾರ ವ್ಯಾಖ್ಯೆ ಎನ್ನುವುದರ ಮೇಲಿದೆ. ಶಾಲೆಯ ಪಾಠದಲ್ಲಿ ಹೌದು: ಅಂಕಿಗಳು ಚದುರಿದ್ದರೂ ಸರಾಸರಿ ಸರಿಯಿದ್ದರೆ ಸಾಕು. 1994ರ ಐಎಸ್‌ಒ 5725 ಮಾನಕ ಬೇರೆ ಹಾದಿ ಹಿಡಿದಿದೆ. ಅಲ್ಲಿ ಸರಾಸರಿ ನಿಜಕ್ಕೆ ಹತ್ತಿರವಿರುವುದಕ್ಕೆ ಟ್ರೂನೆಸ್ ಎಂದು ಹೆಸರು. ಟ್ರೂನೆಸ್, ಪ್ರಿಸಿಷನ್ ಎರಡೂ ಕೂಡಿದ್ದೇ ಅಕ್ಯುರಸಿ. ಆ ಲೆಕ್ಕದಲ್ಲಿ ಚದುರಿದ ಅಳತೆ ನಿಖರವಲ್ಲ. ನಮ್ಮ ಮತವೂ ಅದೇ ಕಡೆಗಿದೆ, ಏಕೆಂದರೆ ಹೆಚ್ಚಿನ ಸಲ ಕೈಗೆ ಸಿಗುವುದು ಒಂದೇ ಒಂದು ಅಂಕಿ, ಅದು ಸರಾಸರಿಯ ಹತ್ತಿರ ಬಿದ್ದಿದೆಯೋ ದೂರ ಬಿದ್ದಿದೆಯೋ ಹೇಳಲು ಬರುವುದಿಲ್ಲ.

ರಿಪೀಟಬಿಲಿಟಿ, ರಿಪ್ರೊಡ್ಯೂಸಿಬಿಲಿಟಿ?

ಎರಡೂ ನಿಷ್ಕೃಷ್ಟತೆಯ ಬಗೆಗಳೇ. ಒಬ್ಬರೇ, ಅದೇ ಉಪಕರಣದಲ್ಲಿ, ಅದೇ ಜಾಗದಲ್ಲಿ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅಳೆದಾಗಿನ ಹರಡಿಕೆ ಮೊದಲನೆಯದು. ಲ್ಯಾಬ್, ಉಪಕರಣ, ಕೈ ಎಲ್ಲ ಬದಲಾದಾಗಿನದು ಎರಡನೆಯದು, ಅದು ಸಾಮಾನ್ಯವಾಗಿ ದೊಡ್ಡದು. ಒಂದು ಲ್ಯಾಬಿನ ಎಳೆತ ಹತ್ತು ಲ್ಯಾಬುಗಳನ್ನು ಕೂಡಿಸಿ ನೋಡಿದಾಗ ಚದುರುವಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿಯೇ ಲ್ಯಾಬ್‌ಗಳು ಒಂದೇ ಮಾದರಿ ಹಂಚಿಕೊಂಡು ಅಳೆಯುವುದು.

ದೊಡ್ಡ ವಿಜ್ಞಾನಿಗಳಿಗೂ ಈ ತಪ್ಪು ಆಗಿದೆಯೇ?

ಧಾರಾಳವಾಗಿ. ಭೌತವಿಜ್ಞಾನಿ ಮಿಲಿಕನ್ 1913ರಲ್ಲಿ ಎಣ್ಣೆ ಹನಿಗಳಿಂದ ಎಲೆಕ್ಟ್ರಾನ್‌ನ ವಿದ್ಯುದಂಶವನ್ನು 4.774 ಎಂದೂ ಅನಿಶ್ಚಿತತೆಯನ್ನು 0.009 ಎಂದೂ ಪ್ರಕಟಿಸಿದರು (ಸ್ಥಾಯಿವಿದ್ಯುತ್ ಏಕಮಾನದ 10⁻¹⁰ರ ಲೆಕ್ಕದಲ್ಲಿ). ಇಂದಿನ ಬೆಲೆ 4.803. ವ್ಯತ್ಯಾಸ ಅವರು ಹೇಳಿದ ಅನಿಶ್ಚಿತತೆಯ ಮೂರು ಪಟ್ಟು. ಕಾರಣ ಹನಿಗಳಲ್ಲ, ಲೆಕ್ಕಕ್ಕೆ ಹಾಕಿದ ಗಾಳಿಯ ಸ್ನಿಗ್ಧತೆಯ ಬೆಲೆ. ಎಷ್ಟು ಹನಿ ಅಳೆದರೂ ಅದು ಕಾಣುವಂಥದ್ದಲ್ಲ.

ಹಬಲ್ ದೂರದರ್ಶಕದ್ದು ಇನ್ನೂ ಕಟುವಾದ ಪಾಠ. ಅದರ 2.4 ಮೀಟರ್ ಕನ್ನಡಿಯನ್ನು ಅಪಾರ ನಯದಿಂದ ಉಜ್ಜಿದ್ದರು, ಆದರೆ ತಪ್ಪು ಆಕಾರಕ್ಕೆ. ಆಕಾರ ಪರೀಕ್ಷಿಸುವ ಉಪಕರಣದೊಳಗಿನ ಒಂದು ಮಸೂರ 1.3 ಮಿ.ಮೀ. ಸರಿದು ಕೂತಿತ್ತು, ಕನ್ನಡಿಯ ಅಂಚು ಸುಮಾರು 2.2 ಮೈಕ್ರೋಮೀಟರ್ ಹೆಚ್ಚು ಚಪ್ಪಟೆಯಾಯಿತು. 1990ರಲ್ಲಿ ಕಕ್ಷೆಗೆ ಹೋದ ಮೇಲೆ ಚಿತ್ರಗಳು ಮಸುಕಾಗಿ ಬಂದವು, 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದಬೇಕಾಯಿತು. ಹೊಟ್ಟೆ ಉರಿಯುವ ವಿಷಯವೆಂದರೆ, ನೆಲದ ಮೇಲಿದ್ದಾಗಲೇ ಬೇರೆ ಎರಡು ಸರಳ ಪರೀಕ್ಷೆಗಳು ದೋಷವನ್ನು ತೋರಿಸಿದ್ದವು. ಮುಖ್ಯ ಉಪಕರಣದಷ್ಟು ಉತ್ತಮವಲ್ಲ ಎಂದು ಅವುಗಳ ಮಾತನ್ನು ತಳ್ಳಿಹಾಕಿದ್ದರು. ಒರಟು ಅಳತೆಯಾದರೂ ಸರಿ, ಬೇರೆ ದಾರಿಯಿಂದ ಬಂದದ್ದಾದರೆ ಅದರ ಜಗಳವನ್ನು ಕೇಳಿಸಿಕೊಳ್ಳಿ.

ನನ್ನ ಅಳತೆಯಲ್ಲಿ ಎಳೆತ ಇದೆಯೋ ಇಲ್ಲವೋ ಪತ್ತೆ ಮಾಡುವ ಕ್ರಮ ಯಾವುದು?

ಪ್ರಮಾಣಪತ್ರವಿರುವ ಮಾದರಿಯನ್ನು ಏಳರಿಂದ ಹತ್ತು ಸಲ ಅಳೆಯಿರಿ. ನಿಮ್ಮ ಸರಾಸರಿಯ ಮಾನಕ ದೋಷದ ವರ್ಗಕ್ಕೆ ಪ್ರಮಾಣಪತ್ರದ ಮಾನಕ ಅನಿಶ್ಚಿತತೆಯ ವರ್ಗ ಕೂಡಿ ವರ್ಗಮೂಲ ತೆಗೆಯಿರಿ. ನಿಮ್ಮ ಸರಾಸರಿಗೂ ಪ್ರಮಾಣಿತ ಬೆಲೆಗೂ ಇರುವ ಅಂತರ ಇದರ ಎರಡು ಪಟ್ಟು ಮೀರಿದರೆ ಎಳೆತ ಇದೆ ಎಂದೇ ಹಿಡಿಯಿರಿ. ಪತ್ರದಲ್ಲಿ ‘ವಿಸ್ತರಿಸಿದ ಅನಿಶ್ಚಿತತೆ, ಗುಣಕ 2’ ಎಂದಿದ್ದರೆ ಮೊದಲು ಅದನ್ನು 2ರಿಂದ ಭಾಗಿಸಿಕೊಳ್ಳಿ; ಇಲ್ಲಿ ತುಂಬಾ ಜನ ತಪ್ಪುತ್ತಾರೆ.

ಪ್ರಮಾಣಿತ ಮಾದರಿ ಸಿಗದಿದ್ದರೆ ನಿಮ್ಮ ಮಾದರಿಗೇ ಗೊತ್ತಿರುವ ಪ್ರಮಾಣದ ಪದಾರ್ಥ ಬೆರೆಸಿ, ಬೆರೆಸಿದ್ದೆಲ್ಲ ಮರಳಿ ಸಿಗುತ್ತದೆಯೇ ನೋಡಿ. ಮಾದರಿಯ ಪ್ರಮಾಣವನ್ನು ಅರ್ಧ, ಎರಡು ಪಟ್ಟು ಮಾಡಿಯೂ ಅಳೆಯಿರಿ: ತಪ್ಪು ಎಲ್ಲದರಲ್ಲೂ ಒಂದೇ ಗಾತ್ರವಿದ್ದರೆ ಶೂನ್ಯ ಸರಿದಿದೆ, ಪ್ರಮಾಣದ ಜೊತೆ ಬೆಳೆದರೆ ಇಳಿಜಾರು ಕೆಟ್ಟಿದೆ.

ಒಂದು ಅಂಕಿ ಮಾತ್ರ ದೂರ ಬಿದ್ದಿದೆ, ಬಿಟ್ಟುಬಿಡಬಹುದೇ?

ಕಾರಣ ಬರೆದಿಡಲು ಆದರೆ ಬಿಡಬಹುದು: ಗುಳ್ಳೆ ಬಂತು, ಬಾಗಿಲು ತೆರೆದಿತ್ತು. ‘ಚೆನ್ನಾಗಿ ಕಾಣುತ್ತಿಲ್ಲ’ ಎನ್ನುವುದು ಕಾರಣವಲ್ಲ. ಅಂಥವನ್ನು ತೆಗೆಯುತ್ತಾ ಹೋದರೆ ನಿಷ್ಕೃಷ್ಟತೆ ಕಾಗದದ ಮೇಲೆ ಮಾತ್ರ ಏರುತ್ತದೆ.

ಫಲಿತಾಂಶ ಬರೆಯುವಾಗ ಎಷ್ಟು ಅಂಕಿ ಉಳಿಸಬೇಕು?

ಅನಿಶ್ಚಿತತೆಯನ್ನು ಒಂದು ಅಥವಾ ಎರಡು ಸಾರ್ಥಕ ಅಂಕಿಗಳಲ್ಲಿ ಬರೆದು, ಉತ್ತರವನ್ನು ಅದೇ ಸ್ಥಾನಕ್ಕೆ ನಿಲ್ಲಿಸಿ. ಕ್ಯಾಲ್ಕುಲೇಟರ್ 9.80127 ಎಂದಿತು, ಅನಿಶ್ಚಿತತೆ 0.05 ಎಂದಾದರೆ 9.80 ± 0.05. ದುಂಡಾಗಿಸುವುದು ಕೊನೆಯಲ್ಲಿ ಮಾತ್ರ, ನಡುವೆ ಬೇಡ. ± ನಂತರದ ಅಂಕಿ ಮಾನಕ ವಿಚಲನೆಯೋ, ಸರಾಸರಿಯ ಮಾನಕ ದೋಷವೋ, ವಿಸ್ತರಿಸಿದ ಅನಿಶ್ಚಿತತೆಯೋ ಎಂದು ಪಕ್ಕದಲ್ಲಿ ಬರೆಯಿರಿ.

ಉತ್ತರ ಮೊದಲೇ ಗೊತ್ತಿದ್ದರೆ ಅಳತೆ ಹಾಳಾಗುತ್ತದೆಯೇ?

ಆಗುತ್ತದೆ. 9.8 ಬರಬೇಕೆಂದು ಗೊತ್ತಿರುವವರು 9.4 ಬಂದಾಗ ತಪ್ಪು ಹುಡುಕುತ್ತಾರೆ, 9.79 ಬಂದಾಗ ಹುಡುಕುವುದನ್ನು ನಿಲ್ಲಿಸುತ್ತಾರೆ. ಎರಡು ತಪ್ಪುಗಳು ಒಂದನ್ನೊಂದು ತಿಂದುಹಾಕಿ 9.79 ಬಂದಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಬೆಳಕಿನ ವೇಗಕ್ಕೆ 1941ರಲ್ಲಿ ಭೌತವಿಜ್ಞಾನಿ ಬರ್ಜ್ ಅವರು ಆಗಿನ ಅಳತೆಗಳನ್ನೆಲ್ಲ ತೂಗಿ ಕೊಟ್ಟ ಬೆಲೆ ಸೆಕೆಂಡಿಗೆ 299776 ± 4 ಕಿ.ಮೀ. ಸರಿಯಾದದ್ದು 299792.458. ಹಲವರ ಅಂಕಿಗಳು ಒಂದಕ್ಕೊಂದು ಹೊಂದಿಕೊಂಡಿದ್ದವು, ನಿಜದಿಂದ ಮಾತ್ರ 16 ಕಿ.ಮೀ. ದೂರವಿದ್ದವು. ಎಸೆನ್ ಮತ್ತು ಗಾರ್ಡನ್-ಸ್ಮಿತ್ ಮೈಕ್ರೋವೇವ್ ಕುಹರದಿಂದ, ಅಂದರೆ ಬೇರೆಯದೇ ವಿಧಾನದಿಂದ ಅಳೆದಾಗ 299792 ± 3 ಬಂತು.

ಲ್ಯಾಬಿನಲ್ಲಿ ಇದಕ್ಕೆ ಅಗ್ಗದ ಉಪಾಯವೊಂದಿದೆ. ಗೊತ್ತಿರುವ ಮಾದರಿಯನ್ನು ಚೀಟಿ ಕಿತ್ತು, ಸಂಖ್ಯೆ ಮಾತ್ರ ಬರೆದು, ಉಳಿದ ಮಾದರಿಗಳ ನಡುವೆ ಸೇರಿಸಿಡಲು ಇನ್ನೊಬ್ಬರಿಗೆ ಹೇಳಿ. ಅಳೆಯುವವರಿಗೆ ಅದು ಎಷ್ಟನೆಯದು ಎಂದು ತಿಳಿಯಬಾರದು. ಲೆಕ್ಕ, ತಿದ್ದುಪಡಿ, ಯಾವ ಅಂಕಿ ಬಿಡಬೇಕು ಎಂಬ ತೀರ್ಮಾನ ಎಲ್ಲ ಮುಗಿದು ಪುಸ್ತಕದಲ್ಲಿ ಶಾಯಿಯಿಂದ ಬರೆದಾದ ಮೇಲೆ ಚೀಟಿ ತೆರೆಯಿರಿ.